ಬಿಟ್ಟು ಓದಿದ ಸಾಲು

ಸಿಗ್ನೆಟ್, ಟಾಸ್ಮೇನಿಯಾ
೧೧ ಮಾರ್ಚ್ ೧೯೬೨

ಪ್ರೀತಿಯ ಬೊರ್ತೊಲೊ ಅಣ್ಣನಿಗೆ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಬೈಯಬೇಡ. ಇದು ಸೇಬು ಕೀಳುವ ಕಾಲ. ಬೆಳಗ್ಗೆ ತೋಟಕ್ಕೆ ಹೋದರೆ ಸಂಜೆ ಬೆರಳು ಮಡಿಸಲೂ ಆಗುವುದಿಲ್ಲ, ಇನ್ನು ಪೆನ್ನು ಹಿಡಿಯುವುದೆಲ್ಲಿ ಬಂತು.

ಎವಾರಿಸ್ತೊನ ಕೆಮ್ಮು ಹಾಗೇ ಇದೆ. ಅವನು ಸುರಂಗದ ಕೆಲಸ ಬಿಟ್ಟರೂ ಆ ಕಲ್ಲಿನ ಧೂಳು ಅವನನ್ನು ಬಿಟ್ಟಿಲ್ಲ. ಹೋದ ವಾರ ಹೋಬಾರ್ಟಿನಲ್ಲಿ ಎದೆಯ ಫೋಟೊ ತೆಗೆದರು. ನಿನ್ನ ಗೆಳೆಯ ಗೊತ್ತಲ್ಲ, "ಮದುವೆ ಫೋಟೊಗೂ ಇಷ್ಟು ಹೊತ್ತು ಉಸಿರು ಹಿಡಿದಿರಲಿಲ್ಲ" ಅಂದ. ಹೆಣ್ಣು ಹುಡುಕಲೆಂದು ತೆಗೆಸಿದ ಆ ಮದುವೆ ಫೋಟೊ ನೆನಪಿದೆಯಾ? ನೀನೇ ಊರಿಗೆ ನನಗೆ ಕಳಿಸಿದ್ದು. ಅದೊಂದನ್ನೇ ನೋಡಿ, ಊರಿನ ಚರ್ಚಿನಲ್ಲಿ ವರನಿಲ್ಲದೆ ಉಂಗುರ ಹಾಕಿಸಿಕೊಂಡು ಹಡಗು ಹತ್ತಿದವಳು ನಾನು. ಈ ಎದೆಯ ಫೋಟೊದಲ್ಲಿ ಏನಿದೆಯೆಂದು ಡಾಕ್ಟರು ಕಾಗದ ಹಾಕುತ್ತಾರಂತೆ.

ಒಂದು ಹೊಸ ಸುದ್ದಿಯಿದೆ. ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಮಿಸ್ ಹ್ಯಾಲ್ಪಿನ್ ಅಂತ ಒಬ್ಬರಿದ್ದಾರೆ, ಒಂಟಿ ಹೆಂಗಸು. ಬೆಳ್ಗಣ್ಣ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಬಳೆ ಹಾಕಿ, ಹಾರಿಬಿಡುತ್ತಾರೆ. ಚಳಿಗೆ ಅವು ಎಲ್ಲಿಗೆ ಹೋಗುತ್ತವೆಂದು ತಿಳಿಯಲು. ಎವಾರಿಸ್ತೊ ಬೇಲಿಯ ಆಚೆ ನಿಂತು ನೋಡುತ್ತಿದ್ದನಂತೆ, ಒಳಗೆ ಕರೆದರು. ನಮ್ಮ ಹುಟ್ಟೂರ ಕಣಿವೆಯವರಿಗೆ ಬಲೆಯಿಂದ ಹಕ್ಕಿ ಬಿಡಿಸುವುದು ಹೇಳಿಕೊಡಬೇಕೆ! ಆದರೆ ಬಿಡಿಸಿದ ಮೇಲೆ ನಮ್ಮ ಕಡೆ ಮಾಡುವುದೇನು? ಮೊದಲ ದಿನ ಇವನ ಹೆಬ್ಬೆರಳು ತಾನಾಗಿಯೇ ಕತ್ತಿನ ಮೇಲೆ ಹೋಯಿತಂತೆ. ಮಿಸ್ ಹ್ಯಾಲ್ಪಿನ್ ಕಿರುಚಿದ್ದು ನನಗೆ ತೋಟದವರೆಗೂ ಕೇಳಿಸಿತು. ಈಗ ಕಲಿತಿದ್ದಾನೆ. ಸುರಂಗದಿಂದ ಬಂದ ಮೇಲೆ ಅವನು ಸಂತೋಷದಿಂದ ಮಾಡಿದ ಕೆಲಸ ಇದೊಂದೇ.

ಅವನೇ ಬಳೆ ಹಾಕಿದ ಒಂದು ಹಕ್ಕಿ ದಿನಾ ನಮ್ಮ ಕಿಟಕಿಯ ಹತ್ತಿರದ ಸೇಬಿಗೆ ಬರುತ್ತದೆ. ಎಡಗಾಲಿಗೆ ಕೆಂಪು ಬಳೆ, ಬಲಗಾಲಿಗೆ ಹಳದಿ ಬಳೆ, ಅದರ ಕೆಳಗೆ ಲೋಹದ್ದು. ಕಣ್ಣ ಸುತ್ತ ಸುಣ್ಣ ಬಳಿದಂತೆ ಬಿಳಿ, ಪಕ್ಕೆ ಮಾತ್ರ ಕಾಫಿ ಬಣ್ಣ. ಇವು ಸಮುದ್ರ ದಾಟಿ ನಿಮ್ಮ ಕ್ವೀನ್ಸ್‌ಲ್ಯಾಂಡಿನವರೆಗೂ ಹೋಗುತ್ತವೆಂದು ಮಿಸ್ ಹ್ಯಾಲ್ಪಿನ್ ನಂಬಿಕೆ. ಅವರು ಬಳೆ ಹಾಕಿದ್ದು ಒಂದೂ ಅಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಎವಾರಿಸ್ತೊ ಹೇಳುತ್ತಾನೆ, "ಒಂದು ಹಿಡಿ ಗರಿ, ಅದೇ ಅಷ್ಟು ದೂರ ಹೋಗಿ ಬೊರ್ತೊಲೊ ಹಿತ್ತಿಲಲ್ಲಿ ಕೂರುತ್ತೆ ಅಂದ್ರೆ, ನಾನೊಬ್ಬ ಗಂಡಸು ಹೋಗಲ್ವಾ?"

ನೀನು ಬನ್ನಿ ಬನ್ನಿ ಅಂತ ಪ್ರತಿ ಕಾಗದದಲ್ಲೂ ಬರೆಯುತ್ತೀಯ. ಅವನು ಅದನ್ನೇ ಹಿಡಿದು ಕೂತಿದ್ದಾನೆ. ಇಲ್ಲಿಯ ಥಂಡಿಯಿಂದ ಪಾರಾಗಿ ನಿನ್ನ ಬಿಸಿಲಿಗೆ ಬಂದರೆ ಎದೆ ಬಿಡುತ್ತದೆ ಅಂತ. ಇಲ್ಲಿ ಚಳಿ ಶುರುವಾಗುವ ಮೇ ತಿಂಗಳಿನಿಂದ ಆ ಹಕ್ಕಿಗಾಗಿ ಕಣ್ಣಿಟ್ಟಿರು. ಅಪ್ಪನ ಬಲೆ ನಿನ್ನ ಪೆಟ್ಟಿಗೆಯಲ್ಲೇ ಇದೆ ತಾನೆ?

ನಿನ್ನ ತಂಗಿ,
ಒರ್ಸೊಲಾ


ಚಿಲ್ಡರ್ಸ್, ಕ್ವೀನ್ಸ್‌ಲ್ಯಾಂಡ್
೩ ಏಪ್ರಿಲ್ ೧೯೬೨

ತಂಗಿ ಒರ್ಸೊಲಾ,

ನಿನ್ನ ಕಾಗದ ಓದಿ ಸಾಂತೀನಾ ಹೊಟ್ಟೆ ಹಿಡಿದು ನಕ್ಕಳು. "ನಿಮ್ಮ ತಂಗಿ ಮನೇಲಿ ಹಕ್ಕಿಗೆ ಬಳೆ ತೊಡಿಸ್ತಾರಂತೆ, ನಾಳೆ ಕೋಳಿಗೆ ಓಲೆ ಹಾಕ್ತಾರೆ" ಅಂದಳು. ನಿನ್ನ ಅತ್ತಿಗೆಯ ಬಾಯಿ ನಿನಗೆ ಗೊತ್ತಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬನ್ನಿ, ಇಬ್ಬರೂ ಬನ್ನಿ. ಹಿಂದಿನ ಕೋಣೆ ಇದೆ. ಅಡುಗೆಮನೆಯ ಬಿಸಿ ಅಲ್ಲಿಗೂ ಬರುತ್ತದೆ. ಜೂನಿನಿಂದ ಕಬ್ಬು ಕಡಿತ. ಅದೊಂದು ಮುಗಿಯಲಿ, ಆಮೇಲೆ ನೋಡೋಣ. ಇಲ್ಲಿಯ ಬಿಸಿಲಲ್ಲಿ ಒಂದು ವಾರ ಕೂತರೆ ಎವಾರಿಸ್ತೊ ಎದೆಯ ಧೂಳೆಲ್ಲ ಬೆವರಾಗಿ ಹರಿದುಹೋಗುತ್ತದೆ. ಹಿಂದಿನಂತೆ ಇಸ್ಪೀಟಿನಲ್ಲಿ ಮೋಸ ಮಾಡಿದರೆ ಮಾತ್ರ ಬಿಸಿಲಲ್ಲೇ ಬಿಟ್ಟುಬಿಡುತ್ತೇನೆ ಅಂತ ಹೇಳು.

ಆ ಕಾಫಿ ಪಕ್ಕೆಯ ಹಕ್ಕಿಗಳು ಇಲ್ಲಿಗೆ ಬರುತ್ತವೆ. ಮೇ ತಿಂಗಳಲ್ಲಿ ಹಳ್ಳದ ಪಕ್ಕದ ಲಂಟಾನ ಪೊದೆಯಲ್ಲಿ ಗುಂಪುಗುಂಪಾಗಿರುತ್ತವೆ. ಪಪ್ಪಾಯಿ ಹಣ್ಣಾದರೆ ಹಿತ್ತಿಲಿಗೇ ಬರುತ್ತವೆ. ಆ ಹೊತ್ತಿಗೆ ದುಂಡಗೆ ಕೊಬ್ಬಿರುತ್ತವೆ. ಕೆಂಪು ಹಳದಿ ಕಂಡರೆ ಬರೆಯುತ್ತೇನೆ.

ಅಪ್ಪನ ಬಲೆ ಇಲಿ ಕಡಿದು ಎಂದೋ ಹಾಳಾಯಿತು. ಅದರ ಮಾತು ಬಿಡು.

ನಿನ್ನ ಅಣ್ಣ,
ಬೊರ್ತೊಲೊ


ಸಿಗ್ನೆಟ್
೬ ಮೇ ೧೯೬೨

ಪ್ರೀತಿಯ ಅಣ್ಣನಿಗೆ,

ಅವು ಹೊರಟುಹೋದವು. ಹೊರಡುವ ಮೊದಲು ಒಂದು ವಾರ ಅವುಗಳ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಸಂಜೆಯಾದರೆ ಮುಳ್ಳುಬೇಲಿ ತುಂಬ ಕೂತು ತೆಳ್ಳಗೆ, ನೊಂದವರ ಹಾಗೆ ಕೂಗುತ್ತಿದ್ದವು. ಒಮ್ಮೆಗೇ ಎಲ್ಲವೂ ಮೇಲೇಳುವುದು, ಮರಗಳ ತುದಿ ದಾಟುವುದು, ಗಾಳಿ ಸರಿಯಿಲ್ಲವೆಂದು ಮತ್ತೆ ಬಂದು ಕೂರುವುದು. ಎವಾರಿಸ್ತೊ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತು, "ಹೋಗ್ರೋ, ಹೋಗ್ರೋ, ಏನು ಮರೆತಿದ್ದೀರಿ? ಹೆಂಡತಿನ ಮರೆತಿದ್ದೀರಾ?" ಅನ್ನುತ್ತಿದ್ದ. ನಮ್ಮ ಹಕ್ಕಿ ಕೊನೆಯವರೆಗೂ ಸೇಬಿನ ಮರದಲ್ಲೇ ಇತ್ತು. ಶುಕ್ರವಾರ ದಕ್ಷಿಣದ ಗಾಳಿ ಬೀಸಿತು. ಶನಿವಾರ ಬೇಲಿ ಬರಿದಾಗಿತ್ತು. ಎವಾರಿಸ್ತೊ ಆ ಸಂಜೆಯೂ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದ.

ಡಾಕ್ಟರ ಕಾಗದ ಬಂತು. ವಿಶ್ರಾಂತಿ, ಒಳ್ಳೆಯ ಊಟ, ಬಿಸಿಲು ಅಂತ ಬರೆದಿದ್ದಾರೆ. ಅವನಿಗೆ ಅಕ್ಷರ ಬರುವುದಿಲ್ಲವಲ್ಲ, ಎಲ್ಲವನ್ನೂ ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ನಿನ್ನ ಕಾಗದವನ್ನಂತೂ ಎರಡೆರಡು ಸಲ ಓದಿಸುತ್ತಾನೆ. ಹಿಂದಿನ ಕೋಣೆಗೆ ಕಿಟಕಿ ಯಾವ ಕಡೆಗಿದೆ ಅಂತ ಕೇಳುತ್ತಿದ್ದಾನೆ. ಬರೆ.

ಒರ್ಸೊಲಾ


ಚಿಲ್ಡರ್ಸ್
೧೨ ಜೂನ್ ೧೯೬೨

ಒರ್ಸೊಲಾ, ಎವಾರಿಸ್ತೊ,

ನಿಮ್ಮ ಹಕ್ಕಿ ಬಂತು!

ಸುಳ್ಳಲ್ಲ. ಭಾನುವಾರ ಬೆಳಗ್ಗೆ ಅಡುಗೆಮನೆ ಹಿಂದಿನ ಪಪ್ಪಾಯಿ ಮರದಲ್ಲಿ ಕಂಡೆ. ಹಣ್ಣಿನಲ್ಲಿ ಕತ್ತಿನವರೆಗೂ ತಲೆ ಹುದುಗಿಸಿಕೊಂಡಿತ್ತು. ಹೊರಗೆ ತೆಗೆದಾಗ ಕೊಕ್ಕಿನ ಮೇಲೆ ಬೀಜ ಅಂಟಿಕೊಂಡಿತ್ತು. ನಾನು ಕಾಫಿ ಲೋಟ ಕೆಳಗಿಟ್ಟು ಉಸಿರು ಬಿಗಿಹಿಡಿದು ನೋಡಿದೆ. ಎಡಗಾಲಿಗೆ ಕೆಂಪು, ಬಲಗಾಲಿಗೆ ಹಳದಿ, ಅದರ ಕೆಳಗೆ ಲೋಹದ ಬಳೆ. ನೀನು ಬರೆದ ಹಾಗೆಯೇ. ನಂಬಿಕೆ ಬರಲಿ ಅಂತ ಇದನ್ನೂ ಬರೆಯುತ್ತೇನೆ: ಲೋಹದ ಬಳೆಯ ಮೇಲೆ ೩೪೭೭೧ ಅಂತ ಇತ್ತು. ಬೇಕಾದರೆ ನಿಮ್ಮ ಮಿಸ್ ಹತ್ತಿರ ತಾಳೆ ನೋಡಿ. ಒಂದಿಷ್ಟು ಹಾಡಿ, ಹಳ್ಳದ ಕಡೆಗೆ ಹಾರಿಹೋಯಿತು. ಒಳ್ಳೆ ಗಟ್ಟಿಮುಟ್ಟಾಗಿದೆ.

ಎವಾರಿಸ್ತೊ, ನಿನ್ನ ಕೈಗುಣ ದೊಡ್ಡದು ಕಣೋ. ಕಬ್ಬು ಕಡಿತ ಶುರುವಾಗಿದೆ, ಬೆನ್ನು ಮುರಿಯುತ್ತಿದೆ, ಇಷ್ಟೇ ಸಾಕು.

ಬೊರ್ತೊಲೊ


ಸಿಗ್ನೆಟ್
೧ ಜುಲೈ ೧೯೬೨

ಅಣ್ಣಾ,

ಅವನು ಮಧ್ಯಾಹ್ನದ ನಿದ್ದೆಯಲ್ಲಿರುವಾಗ ಇದನ್ನು ಬರೆಯುತ್ತಿದ್ದೇನೆ. ಇದು ನಿನಗೆ ಮಾತ್ರ.

ಆ ಲೋಹದ ಬಳೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಅದರ ಮೇಲಿನ ಅಂಕೆಗಳು ಗಸಗಸೆಯಷ್ಟಿವೆ. ಹಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು, ಬಳೆಯನ್ನು ಬೆರಳಿನಿಂದ ತಿರುಗಿಸುತ್ತ, ಭೂತಗನ್ನಡಿ ಇಟ್ಟು ಮಿಸ್ ಹ್ಯಾಲ್ಪಿನ್ ಓದುತ್ತಾರೆ. ಪಪ್ಪಾಯಿ ಮರದ ಮೇಲೆ ಕೂತ ಹಕ್ಕಿಯ ಕಾಲಿನಲ್ಲಿ ಅದನ್ನು ಯಾವ ಕಣ್ಣೂ ಓದಲಾರದು. ಅಂದಮೇಲೆ ಅದು ನಿನ್ನ ಕೈಯಲ್ಲಿತ್ತು. ಬದುಕಿದ್ದರೆ, ಹಿಡಿದು ಹಾರಿಬಿಟ್ಟೆ ಅಂತ ಬರೆಯುತ್ತಿದ್ದೆ. ಹಾಡಿತು ಅಂತ ಬರೆಯುತ್ತಿರಲಿಲ್ಲ. ಅಪ್ಪನ ಬಲೆಯನ್ನು ಇಲಿ ಕಡಿದಿಲ್ಲ.

ನಿನ್ನ ಕಾಗದವನ್ನು ಅವನಿಗೆ ಗಟ್ಟಿಯಾಗಿ ಓದುತ್ತಿದ್ದೆ. ಅಂಕೆಗಳ ಸಾಲಿಗೆ ಬಂದಾಗ ನಾಲಗೆ ನಿಂತುಬಿಟ್ಟಿತು. ಅವನೂ ಬಳೆ ಹಾಕಿದವನೇ, ಕೇಳಿದ್ದರೆ ಆ ಕ್ಷಣವೇ ತಿಳಿದುಬಿಡುತ್ತಿದ್ದ. ಆ ಸಾಲನ್ನು ಬಿಟ್ಟು ಮುಂದಿನದನ್ನು ಓದಿದೆ. "ಯಾಕೆ ನಿಲ್ಲಿಸಿದೆ?" ಅಂದ. "ನಿಮ್ಮ ಗೆಳೆಯನ ಕೈಬರಹ, ಕೋಳಿ ಕೆದರಿದ ಹಾಗಿದೆ" ಅಂದೆ.

ಅವನನ್ನು ನೀನು ನೋಡಬೇಕಿತ್ತು. ಎದ್ದು ಗಡ್ಡ ಹೆರೆದುಕೊಂಡ. ಸೂಪು ಇನ್ನೊಂದು ಬಟ್ಟಲು ಕೇಳಿದ. ಕೋಲೂರಿಕೊಂಡು ಮಿಸ್ ಹ್ಯಾಲ್ಪಿನ್ ಮನೆಗೆ ಹೋಗಿ ಸುದ್ದಿ ಹೇಳಿಬಂದ. ಅವರು ಬಂದು ನನ್ನನ್ನು ತಬ್ಬಿಕೊಂಡರು. ನಾನು ನೆಲ ನೋಡುತ್ತಿದ್ದೆ.

ನಿನ್ನನ್ನು ಬೈಯಲು ಕೂತೆ, ಆದರೆ ಬೈಯಲು ನನಗೆ ಬಾಯಿಲ್ಲ. ಡಾಕ್ಟರ ಕಾಗದದಲ್ಲಿ ಇದ್ದದ್ದು ನಾನು ನಿನಗೆ ಬರೆದದ್ದಲ್ಲ. ಎರಡು ಶ್ವಾಸಕೋಶವೂ ಕಲ್ಲುಗಟ್ಟಿವೆ. ದೂರದ ಪ್ರಯಾಣ ಕೂಡದು, ದಾರಿಯಲ್ಲೇ ಉಸಿರು ನಿಲ್ಲಬಹುದು. ಬೇಸಿಗೆ ಕಾಣುವುದು ಸಂಶಯ. ಅದನ್ನೂ ಬಿಟ್ಟು ಓದಿದ್ದೇನೆ. ಬಿಸಿಲು ಅನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ, ಅದು ನಾನೇ ಸೇರಿಸಿದ್ದು.

ನಾವು ಅಲ್ಲಿಗೆ ಬರಲಾರೆವು. ಆದರೆ ಬರುತ್ತೇವೆ ಅಂದುಕೊಂಡೇ ಅವನು ಬೆಳಗ್ಗೆ ಕಣ್ಣು ಬಿಡುತ್ತಿದ್ದಾನೆ. ಅದಕ್ಕೇ ಕೇಳುತ್ತೇನೆ, ಆ ಹಕ್ಕಿಯನ್ನು ಇನ್ನೂ ಸ್ವಲ್ಪ ದಿನ ಬದುಕಿಸು. ಒಂದು ಹಾಳೆ ಅವನಿಗೆ, ಒಂದು ನನಗೆ ಬರೆ. ಅವನ ಹಾಳೆಯಲ್ಲಿ ಅಂಕೆ ಬೇಡ.

ಒರ್ಸೊಲಾ


ಚಿಲ್ಡರ್ಸ್
೨೦ ಜುಲೈ ೧೯೬೨

(ಈ ಹಾಳೆ ನಿನಗೆ)

ತಂಗೀ,

ಆ ಭಾನುವಾರ ಏಳೆಂಟು ಜನ ಊಟಕ್ಕಿದ್ದರು, ಎಲ್ಲ ನಮ್ಮ ಕಣಿವೆಯವರು. ಹಬ್ಬದ ಹಾಗೆ ಸಾಂತೀನಾ ದೊಡ್ಡ ಹಲಗೆಯ ಮೇಲೆ ಮೆಕ್ಕೆಜೋಳದ ಪೊಲೆಂತಾ ಮುದ್ದೆ ಸುರಿದಿದ್ದಳು. ಹಿಂದಿನ ಸಂಜೆ ಹಳ್ಳದಲ್ಲಿ ಬಲೆ ಹಾಕಿದ್ದೆ. ಹಿಡಿದವುಗಳನ್ನು ಚೀಲದಿಂದ ಒಂದೊಂದಾಗಿ ತೆಗೆದು ಕತ್ತು ಮುರಿಯುವಾಗ ಯಾರು ಕಾಲು ನೋಡುತ್ತಾರೆ? ಮಬ್ಬುಗತ್ತಲಾಗಿತ್ತು. ಪುಕ್ಕ ಕಿತ್ತವಳು ಸಾಂತೀನಾ. ಬಣ್ಣದ ಬಳೆ ಬೆಂಕಿಯಲ್ಲಿ ಕರಗಿ ಕಾಲಿಗೆ ಮೆತ್ತಿಕೊಂಡಿದ್ದವು. ಮೂಳೆ ಸಮೇತ ಅಗಿಯುವಾಗ ಲೋಹದ್ದು ನನ್ನ ಹಲ್ಲಿಗೆ ಸಿಕ್ಕಿತು. ಉಗುಳಿ ಅಂಗೈಯಲ್ಲಿಟ್ಟುಕೊಂಡೆ. ಎಲ್ಲರೂ ನಕ್ಕರು. "ಬೊರ್ತೊಲೊಗೆ ಮದುವೆ ಉಂಗುರ ಸಿಕ್ತು, ಸಾಂತೀನಾ, ನಿನ್ನ ಕಥೆ ಮುಗೀತು!" ಅಂದರು. ನಾನೂ ನಕ್ಕೆ. ಮಾಡುವುದಾದರೂ ಏನಿತ್ತು?

ಅಂಕೆ ಬರೆದದ್ದು ನಿನ್ನನ್ನು ನಂಬಿಸಲು. ದಡ್ಡ ನಾನು.

ಎವಾರಿಸ್ತೊನ ಎದೆಯ ವಿಷಯ ಓದಿ ಎರಡು ದಿನ ಕತ್ತಿ ಹಿಡಿಯಲಾಗಲಿಲ್ಲ. ನಿನಗೆ ಇನ್ನೊಂದು ಸುಳ್ಳು ಹೇಳಲಾರೆ, ಹೋದ ಭಾನುವಾರ ಮತ್ತೆ ಬಲೆ ಹಾಕಿದ್ದೆ. ಜನ ಬರುತ್ತಾರೆ, ಕೇಳುತ್ತಾರೆ. ಈಗ ಒಂದೊಂದರ ಕಾಲು ನೋಡಿ ಆಮೇಲೆ ಮುರಿಯುತ್ತೇನೆ.

(ಈ ಹಾಳೆ ಗಟ್ಟಿಯಾಗಿ ಓದಲು)

ಎವಾರಿಸ್ತೊ, ನಿನ್ನ ಹಕ್ಕಿಗೆ ನಮ್ಮ ಹಳ್ಳವೇ ಹಿಡಿಸಿಬಿಟ್ಟಿದೆ ನೋಡು. ಮೊನ್ನೆ ಲಂಟಾನ ಹಣ್ಣು ತಿನ್ನುತ್ತಿತ್ತು, ಜೊತೆಗೆ ಇನ್ನೊಂದು ಇತ್ತು. ಹೆಣ್ಣೇ ಇರಬೇಕು, ಯಾಕೆಂದರೆ ನಮ್ಮ ಬಳೆ ಯಜಮಾನರು ಹಣ್ಣನ್ನು ಅದಕ್ಕೇ ಬಿಟ್ಟುಕೊಡುತ್ತಿದ್ದರು. ಟಾಸ್ಮೇನಿಯಾದಿಂದ ಬಂದವರೆಲ್ಲ ಹೀಗೇ ಏನೋ! ಕೋಣೆಯ ಕಿಟಕಿ ಪೂರ್ವಕ್ಕಿದೆ.

ಬೊರ್ತೊಲೊ


ಸಿಗ್ನೆಟ್
೨೨ ಆಗಸ್ಟ್ ೧೯೬೨

ಅಣ್ಣಾ,

ನೀನು ಚೆನ್ನಾಗಿ ಬರೆದೆ. ತುಂಬ ಚೆನ್ನಾಗಿ ಬರೆದೆ. ನಾವು ಮಾಡಿದ್ದು ಏನಾಯಿತು ಕೇಳು.

ನಿನ್ನೆ ತೋಟದಿಂದ ಬಂದರೆ ಮಂಚವಿಲ್ಲ. ಪಕ್ಕದ ಮನೆಯವರಿಗೆ ಮಾರಿದ್ದಾನೆ. ಹಾಸಿಗೆ ನೆಲದ ಮೇಲಿತ್ತು, ಅದರ ಮೇಲೆ ಕೂತು ಉಸಿರಾಡಲು ಒದ್ದಾಡುತ್ತ ನಗುತ್ತಿದ್ದ. ಮಿಸ್ ಹ್ಯಾಲ್ಪಿನ್ ಕೈಯಿಂದಲೇ ಪತ್ರ ಬರೆಸಿ, ಸೆಪ್ಟೆಂಬರ್ ಮಧ್ಯದ ಹಡಗಿಗೆ ಜಾಗ ಹಿಡಿದಿದ್ದಾನೆ. ಹಡಗು, ಆಮೇಲೆ ರೈಲಿನ ಮೇಲೆ ರೈಲು.

"ಅವು ವಸಂತಕ್ಕೆ ಇಲ್ಲಿಗೆ ವಾಪಸು ಹೊರಡ್ತಾವೆ ಒರ್ಸೊಲಾ. ಅದು ಹೊರಡೋ ಮೊದಲು ನಾನು ಅಲ್ಲಿರಬೇಕು. ದಾರೀಲಿ ಎದುರುಬದುರಾದ್ರೆ ಚೆನ್ನಾಗಿರಲ್ಲ" ಅಂದ.

"ಮೆಟ್ಟಿಲು ಇಳಿಯೋಕೆ ಆಗಲ್ಲ, ಹಡಗು ಹತ್ತೋದು ಹೇಗೆ?"

"ನೀನು ಹೊತ್ಕೋ. ಸೇಬಿನ ಪೆಟ್ಟಿಗೆ ಹೊರೋದಿಲ್ವಾ? ನಾನು ಅದಕ್ಕಿಂತ ಹಗುರ ಈಗ."

ಅದು ತಮಾಷೆಯಲ್ಲ. ನಿಜವಾಗಿಯೂ ಅವನು ಹಗುರವಾಗಿದ್ದಾನೆ.

ಅಣ್ಣಾ, ನೀನೇ ಬರೆ. ಈಗ ಬರಬೇಡಿ, ಮನೆಯಲ್ಲಿ ಅನುಕೂಲವಿಲ್ಲ, ಅಂತ. ನೀನು ಬೇಡವೆಂದರೆ ಅವನು ನಿಲ್ಲುತ್ತಾನೆ. ನಾನು ಹೇಳಿದರೆ ನಿಲ್ಲುವುದಿಲ್ಲ. ಬೇಗ ಬರೆ.

ಒರ್ಸೊಲಾ


ಚಿಲ್ಡರ್ಸ್
೩೦ ಆಗಸ್ಟ್ ೧೯೬೨

ಒರ್ಸೊಲಾ,

ಎರಡು ಹಾಳೆ ಬರೆದು ಹರಿದೆ. ಎವಾರಿಸ್ತೊಗೆ ಬರಬೇಡ ಅಂತ ಬರೆಯಲು ನನ್ನ ಕೈ ಏಳುತ್ತಿಲ್ಲ. ಯಾಕೆಂದು ಕೇಳಬೇಡ.

ಹಕ್ಕಿಯ ನಿಜ ಹೇಳಿಬಿಡು. ಅದು ಸತ್ತಿದೆಯೆಂದು ತಿಳಿದರೆ ಅವನ ಹಟ ಇಳಿಯುತ್ತದೆ. ತಿಂದವನು ನಾನು, ಬೈಗುಳ ನನಗೇ ಬರಲಿ. ಒಂದು ವೇಳೆ ಹೊರಟೇಬಿಟ್ಟರೆ, ಆಗ ಏನಾದರೂ ಮಾಡೋಣ.

ಬೊರ್ತೊಲೊ


ಸಿಗ್ನೆಟ್
೧೪ ಸೆಪ್ಟೆಂಬರ್ ೧೯೬೨

ಅಣ್ಣಾ,

ಹೇಳಿದೆ.

ಮೊನ್ನೆ ಬೆಳಗ್ಗೆ ಅವನ ಬೆನ್ನು ಒರೆಸುತ್ತಿದ್ದೆ. ಮುಖ ಕಾಣಿಸುವುದಿಲ್ಲವಲ್ಲ, ಆಗ ಹೇಳುವುದು ಸುಲಭ ಅಂದುಕೊಂಡೆ. "ಆ ಹಕ್ಕಿ ಇಲ್ಲ ಎವಾರಿಸ್ತೊ. ಬೊರ್ತೊಲೊ ಬಲೆಗೆ ಬಿತ್ತು. ಅವನಿಗೆ ಗೊತ್ತಿರಲಿಲ್ಲ. ತಿಂದುಬಿಟ್ಟ" ಅಂದೆ.

ಬೆನ್ನು ಅಲುಗಲಿಲ್ಲ. ಆಮೇಲೆ ಕೇಳಿದ, "ಪೊಲೆಂತಾ ಜೊತೆಗಾ?"

"ಹೂಂ."

ನಗಲು ಶುರುಮಾಡಿದ. ನಗು ಕೆಮ್ಮಾಯಿತು, ಕೆಮ್ಮಿ ಕೆಮ್ಮಿ ಬಟ್ಟೆ ಕೆಂಪಾಯಿತು. ಅದರ ನಡುವೆಯೇ ಹೇಳಿದ, "ಆದ್ರೂ ತಲುಪಿತ್ತಲ್ಲೇ! ಸಮುದ್ರ ದಾಟಿ ಅವನ ತಟ್ಟೆವರೆಗೂ ಹೋಯ್ತಲ್ಲ! ನಾನು ಹಾಕಿದ ಬಳೆ!" ಅವನ ಹಟ ಇಳಿಯುತ್ತದೆ ಅಂತ ನೀನು ಬರೆದಿದ್ದೆ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮಿಬ್ಬರಿಗೂ ಅವನು ತಿಳಿದಿಲ್ಲ ಅಣ್ಣಾ.

ಕೆಮ್ಮು ನಿಂತ ಮೇಲೆ ಬೆರಳು ಮಡಿಸುತ್ತ ಕೂತ. ತಿಂಗಳ ಲೆಕ್ಕ ಹಾಕುತ್ತಿದ್ದಾನೆಂದು ನನಗೆ ಆಮೇಲೆ ಹೊಳೆಯಿತು.

"ಯಾವಾಗ ತಿಂದ?"

"ಜೂನಲ್ಲಿ."

"ಜುಲೈನಲ್ಲಿ ಲಂಟಾನ ಹಣ್ಣು ತಿಂತಿತ್ತು. ಜೊತೆಗೊಂದು ಹೆಣ್ಣೂ ಇತ್ತು."

ನಾನು ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿದೆ.

"ಅವನು ಬರೆದ, ನೀನು ಓದಿದೆ. ಗೊತ್ತಿದ್ದೂ ಓದಿದೆ. ಹಂಗಾದ್ರೆ ಇನ್ನೇನೇನು ಬಿಟ್ಟು ಓದಿದ್ದೀ? ಡಾಕ್ಟ್ರ ಕಾಗದ ತಾ."

ತರಲೇಬೇಕಾಯಿತು. ಓದಿದೆ, ಎಲ್ಲ ಸಾಲನ್ನೂ. ಇಂಗ್ಲಿಷಿನಿಂದ ನಮ್ಮ ಮಾತಿಗೆ ತರುವಾಗ ಒಂದು ಕಡೆ ಮೆತ್ತಗೆ ಹೇಳಿದೆ. "ಅದು ಹಂಗಿಲ್ಲ, ಸರಿಯಾಗಿ ಓದು" ಅಂದ. ಅಕ್ಷರ ಬಾರದವನಿಗೆ ಅದು ಹೇಗೆ ತಿಳಿಯಿತೋ.

ಓದಿ ಮುಗಿಸಿದ ಮೇಲೆ ಅವನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನಿಮ್ಮಪ್ಪ ಕೂಗಿ ಕರೆಯೋಕೆ ಸಾಕಿದ ಹಕ್ಕಿಗಳನ್ನ ಬೇಸಿಗೆಯೆಲ್ಲಾ ನೆಲಮಾಳಿಗೆಯ ಕತ್ತಲಲ್ಲಿ ಮುಚ್ಚಿಡ್ತಿದ್ದ. ಅಲ್ಲಿ ಎಲೆ ಉದುರೋ ಅಕ್ಟೋಬರಿನಲ್ಲಿ ಹೊರಗೆ ತಂದ್ರೆ, ಪಾಪ ಅವು ವಸಂತ ಬಂತು ಅಂದ್ಕೊಂಡು ಗಂಟಲು ಹರಿಯೋ ಹಾಗೆ ಹಾಡ್ತಿದ್ವು. ಮೇಲೆ ಹೋಗೋ ಹಕ್ಕಿಗಳೆಲ್ಲ ಅದನ್ನ ಕೇಳಿ ಬಲೆಗೆ ಬೀಳ್ತಿದ್ವು. ನನ್ನನ್ನ ಹಾಗೆ ಇಟ್ಟಿದ್ದೀ ನೀನು. ಗಡ್ಡ ಹೆರ್ಕೊಂಡೆ. ಮಂಚ ಮಾರಿದೆ. ಹಾಡಿದ್ನಲ್ಲೇ, ಒರ್ಸೊಲಾ."

ನನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು.

ಆ ದಿನ ಸಂಜೆ, ನೀನು ಈ ಎರಡು ವರ್ಷದಲ್ಲಿ ಬರೆದ ಕಾಗದಗಳನ್ನೆಲ್ಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿಸಿದ. ನನಗೆಂದು ಬರೆದ ಹಾಳೆಯನ್ನೂ. ಮದುವೆ ಉಂಗುರದ ಮಾತಿಗೆ ಸ್ವಲ್ಪ ನಕ್ಕ. ಎಲ್ಲ ಮುಗಿದ ಮೇಲೆ ಹೇಳಿದ, "ಪ್ರತಿ ಕಾಗದದಲ್ಲೂ ಬನ್ನಿ ಅಂತಾನೆ. ಇಂಥ ತಿಂಗಳು ಬನ್ನಿ ಅಂತ ಒಂದರಲ್ಲೂ ಇಲ್ಲ. ಕಬ್ಬು ಮುಗೀಲಿ, ಮಳೆ ಮುಗೀಲಿ, ನೋಡೋಣ. ನೀನು ಗಮನಿಸಿರಲಿಲ್ವಾ?"

ನಾನು ಗಮನಿಸಿರಲಿಲ್ಲ. ಅಷ್ಟು ಸಲ ಓದಿದವಳು ನಾನು.

ಹಡಗಿನ ಜಾಗ ಬಿಟ್ಟುಕೊಟ್ಟೆವು. ಅವನು ನಿನಗೆ ಒಂದು ಮಾತು ಬರೆಸಿದ್ದಾನೆ: "ಬೊರ್ತೊಲೋ, ಹಕ್ಕಿ ತಿಂದದ್ದಕ್ಕೆ ನಾನೇನೂ ಅನ್ನಲ್ಲ. ನಾನಾದ್ರೂ ತಿಂತಿದ್ದೆ. ಒಂದು ಕೇಳ್ತೀನಿ, ನಿಜ ಹೇಳು. ಆ ಕೋಣೆ ಇದೆಯಾ?"

ಒರ್ಸೊಲಾ


ಚಿಲ್ಡರ್ಸ್
೧ ಅಕ್ಟೋಬರ್ ೧೯೬೨

ಎವಾರಿಸ್ತೊ, ಒರ್ಸೊಲಾ,

ಇಲ್ಲ.

ಹೋದ ವರ್ಷದಿಂದ ಆ ಕೋಣೆಯಲ್ಲಿ ಕಬ್ಬು ಕಡಿಯುವ ಮೂವರು ಸಿಸಿಲಿಯವರಿದ್ದಾರೆ. ಅದಕ್ಕೂ ಮೊದಲೇ ಸಾಂತೀನಾ ಹೇಳಿಬಿಟ್ಟಿದ್ದಳು, "ಕೆಮ್ಮೋ ಗಂಡಸನ್ನ ತಂದು ನನ್ನ ಮಕ್ಕಳ ಪಕ್ಕ ಮಲಗಿಸ್ತೀರಾ?" ಅಂತ. ಅದು ಅಂಟುವ ರೋಗವಲ್ಲ, ಕಲ್ಲಿನ ಧೂಳು ಅಂದೆ. "ಧೂಳೋ ಮಣ್ಣೋ, ಕೆಮ್ಮು ಕೆಮ್ಮೇ" ಅಂದಳು. ಅವಳ ಮೇಲೆ ಹಾಕಿ ಜಾರಿಕೊಳ್ಳುವುದಿಲ್ಲ. ಅವಳು ಹಾಗೆಂದಾಗ ನನಗೆ ಒಳಗೊಳಗೇ ಹಗುರವಾಯಿತು. ನಿನ್ನನ್ನು ಹಾಗೆ ನೋಡುವುದು ನನಗೆ ಬೇಕಿರಲಿಲ್ಲ ಎವಾರಿಸ್ತೊ. ಬನ್ನಿ ಅಂತ ಬರೆಯುವುದು ಸುಲಭವಾಗಿತ್ತು, ಯಾಕೆಂದರೆ ನೀವು ಅಷ್ಟು ದೂರದಲ್ಲಿದ್ದಿರಿ. ಬರಬೇಡ ಅಂತ ಬರೆಯಲು ಕೈ ಏಳದಿದ್ದದ್ದೂ ಇದಕ್ಕೇ. ಬರೆದಿದ್ದರೆ ಅದೊಂದೇ ನಿಜವಾದ ಸಾಲಾಗುತ್ತಿತ್ತು.

ಕಿಟಕಿ ಪೂರ್ವಕ್ಕಿಲ್ಲ. ಆ ಕೋಣೆಗೆ ಕಿಟಕಿಯೇ ಇಲ್ಲ.

ನನ್ನನ್ನು ಕ್ಷಮಿಸಿ. ಒರ್ಸೊಲಾ, ಮುಂದೆ ನೀನೊಬ್ಬಳೇ ಬರುವ ಹಾಗಾದರೆ ಸಾಂತೀನಾ ಬೇಡವೆನ್ನುವುದಿಲ್ಲ. ಕೇಳಿಯೇ ಬರೆಯುತ್ತಿದ್ದೇನೆ.

ಬೊರ್ತೊಲೊ


ಸಿಗ್ನೆಟ್
೫ ನವೆಂಬರ್ ೧೯೬೨

ಅಣ್ಣಾ,

ಎವಾರಿಸ್ತೊ ಅಕ್ಟೋಬರ್ ಕೊನೆಯ ಸೋಮವಾರ ಹೋದ. ತಂತಿ ಕೊಡಲಿಲ್ಲ. ಕೊಟ್ಟಿದ್ದರೆ ನೀನು ಹೊರಡಬೇಕೋ ಬೇಡವೋ ಅಂತ ತೂಗಬೇಕಾಗುತ್ತಿತ್ತು.

ನಿನ್ನ ಕಾಗದವನ್ನು ಅವನಿಗೆ ಪೂರ್ತಿ ಓದಿದ್ದೆ. ನೀನೊಬ್ಬಳೇ ಬರುವ ಹಾಗಾದರೆ ಅನ್ನುವ ಸಾಲನ್ನೂ ಬಿಡಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ, "ಈಗ ಬಂತು ನೋಡು ಬೊರ್ತೊಲೊ ಕಾಗದ" ಅಂದ. ಕೋಪವಿರಲಿಲ್ಲ. ಸಂತೋಷವೂ ಇರಲಿಲ್ಲ. ನೀನು ಕ್ಷಮೆ ಕೇಳಿದ್ದಕ್ಕೆ ಏನು ಬರೆಯಲಿ ಅಂತ ಕೇಳಿದೆ. "ನನಗೆ ಉಸಿರು ಸಾಲಲ್ಲ, ಅದನ್ನ ನೀನೇ ನೋಡ್ಕೋ" ಅಂದ. ನಾನು ನೋಡಿಕೊಂಡೆ. ಇನ್ನೂ ಕ್ಷಮಿಸಲು ಆಗಿಲ್ಲ. ನಿನ್ನನ್ನಾಗಲಿ ನನ್ನನ್ನಾಗಲಿ. ಆದಾಗ ಬರೆಯುತ್ತೇನೆ.

ಅಲ್ಲಿಗೆ ನಾನು ಬರುವುದಿಲ್ಲ. ಚಳಿಗಾಲವೆಲ್ಲ ಬೇಲಿಯಲ್ಲಿ ಉಳಿದುಬಿಡುವ ಬೆಳ್ಗಣ್ಣಗಳೂ ಕೆಲವು ಇರುತ್ತವೆ. ಯಾಕೆ ಹೋಗಲಿಲ್ಲವೆಂದು ಮಿಸ್ ಹ್ಯಾಲ್ಪಿನ್‌ಗೂ ತಿಳಿಯದು.

ಅವನು ಹೋದ ಬೆಳಗಿನದನ್ನು ನಿನಗೆ ಬರೆಯಬೇಕು. ಬೇರೆ ಯಾರಿಗೂ ಹೇಳಿಲ್ಲ.

ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಹಾಸಿಗೆ ಇನ್ನೂ ನೆಲದ ಮೇಲೇ ಇತ್ತು, ಅಲ್ಲಿಂದ ಕಿಟಕಿಯಲ್ಲಿ ಬರಿಯ ಆಕಾಶ ಕಾಣುತ್ತದೆ. "ಹೊರಗೆ ಹೇಗಿದೆ?" ಅಂದ. ಬಿಸಿಲು ಬಂದಿದೆ ಅನ್ನುವ ಮಾತು ನನ್ನ ಬಾಯಲ್ಲಿ ಆಗಲೇ ಸಿದ್ಧವಾಗಿತ್ತು. ಅಷ್ಟು ರೂಢಿಯಾಗಿತ್ತು. ಅದನ್ನು ನುಂಗಿಕೊಂಡು ಎದ್ದು ಕಿಟಕಿಗೆ ಹೋದೆ.

"ಆಲಿಕಲ್ಲು ಬೀಳ್ತಿದೆ. ರಾತ್ರಿಯ ಹಿಮ ಹೊಡೆದು ಸೇಬಿನ ಹೂವೆಲ್ಲ ಕಪ್ಪಾಗಿದೆ. ಈ ವರ್ಷ ಫಸಲಿಲ್ಲ" ಅಂದೆ.

"ಹಾಂ. ಹಕ್ಕಿ?"

"ವಾಪಸು ಬಂದಿವೆ. ಬೇಲಿ ಮೇಲೆ ಕೂತಿವೆ. ಗರಿ ಉಬ್ಬಿಸಿಕೊಂಡು, ಒಂದಕ್ಕೊಂದು ಒತ್ತಿಕೊಂಡು. ಒಂದು ಕೆಳಗೆ ಬಿದ್ದಿದೆ, ಏಳ್ತಾ ಇಲ್ಲ."

"ಬಳೆ ಇದೆಯಾ?"

"ಇಲ್ಲ. ಯಾವುದಕ್ಕೂ ಇಲ್ಲ."

"ಇನ್ನೂ ಹೇಳು."

ಕಂಡದ್ದನ್ನೆಲ್ಲ ಹೇಳಿದೆ. ಕೆಸರು, ಗಾಳಿಗೆ ಮಗುಚಿದ ಏಣಿ, ರಸ್ತೆಯಲ್ಲಿ ಯಾರೂ ಇಲ್ಲದ್ದು. ಬೇಲಿಯಿಂದ ಇನ್ನೊಂದು ಹಕ್ಕಿ ಬಿತ್ತು, ಅದನ್ನೂ ಹೇಳಿದೆ. ಒಂದನ್ನೂ ಬಿಡದೆ ಹೇಳುತ್ತಲೇ ಹೋದೆ. ಅವನು ಕೇಳುವುದು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

ನಿನ್ನ ತಂಗಿ,
ಒರ್ಸೊಲಾ